ಫ್ಯಾನಿನ ಮೇಲೆ ಹಾಕು

ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಪ್ರಿಯಾ ಎಂಬ ಹುಡುಗಿ ಇದ್ದಾಳೆ. ಮಲಾಡಿನ ದೊಡ್ಡ ಮಾಲ್ ಒಂದರಲ್ಲಿ ಅಡುಗೆ ಸಾಮಾನು ಮಾರುವ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ರಜೆಯ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದವಳು ಮೂಗು ಕೆಂಪಗೆ ಮಾಡಿಕೊಂಡು ಕೂತಳು.

"ಆಂಟಿ, ಕಸ್ಟಮರ್‌ದೇ ಮಿಸ್ಟೇಕ್ ಇತ್ತು. ಪಕ್ಕಾ. ಆದ್ರೂ ನಾನೇ ಯಾಕೆ ಸಾರಿ ಹೇಳ್ಬೇಕು?"

ಪ್ರಶ್ನೆ ಸಣ್ಣದು. ಉತ್ತರ ಹೇಳಲು ಹೊರಟರೆ ಮಾತ್ರ ಚಹಾ ಆರಿಹೋಗುತ್ತದೆ. ಕುರ್ಲಾದ ಪಾತ್ರೆ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ನಿಂತು ಕಲಿತದ್ದನ್ನು ಅವಳಿಗೆ ಹತ್ತು ನಿಮಿಷದಲ್ಲಿ ಹೇಗೆ ಹೇಳಲಿ? "ಬರೆದು ಕೊಡ್ತೀನಿ ತಾಳು" ಎಂದೆ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾಳೆ. ಅವರಮ್ಮ ಓದಿ ಹೇಳಲಿ.

ನನಗೆ ಸಿಕ್ಕ ಬಡ್ತಿ ಎಂದರೆ ಸ್ಟೂಲಿನಿಂದ ಕುರ್ಚಿಗೆ ಏರಿದ್ದು ಅಷ್ಟೇ. ಅದರ ಕಥೆ ಇಲ್ಲಿ ಬೇಡ.

ನಾನು ಅರಸೀಕೆರೆ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದೆ. ಯಜಮಾನರು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಗೋಡೆ ನೋಡಿಕೊಂಡು ಕೂರುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಪರಿಚಯದವರೊಬ್ಬರು ಕುರ್ಲಾ ಸ್ಟೇಷನ್ನಿನ ಹತ್ತಿರದ ಪಾತ್ರೆ ಅಂಗಡಿಗೆ ಹೆಂಗಸೊಬ್ಬರು ಬೇಕಂತೆ ಎಂದರು, ಹೋಗಿ ಸೇರಿಕೊಂಡೆ. ಮಾಲೀಕರು ಕಚ್ಛ್ ಕಡೆಯ ಹಿರಿಯರು. ನಾವೆಲ್ಲ ಅವರನ್ನು ಶೇಠ್‌ಜಿ ಎನ್ನುತ್ತಿದ್ದೆವು. ನನಗೆ ಹಿಂದಿ ಅಷ್ಟಿಷ್ಟು ಬರುತ್ತಿತ್ತು. ಮರಾಠಿ ಸೊನ್ನೆ.

ಸೇರಿದ ಮೂರನೇ ದಿನ ಕೈತುಂಬ ಹಸಿರು ಬಳೆ ತೊಟ್ಟ ಮರಾಠಿ ಹೆಂಗಸೊಬ್ಬರು ಬಂದರು. ನಾನು ಉತ್ಸಾಹದಿಂದ ಸ್ಟೀಲ್ ಲೋಟವೊಂದನ್ನು ತೋರಿಸಿದೆ. ಅವರು ತಲೆಯಾಡಿಸಿ "ನಕೋ" ಎಂದರು. ನನಗೆ ಕೇಳಿಸಿದ್ದು ನಾಕು. ನಾಲ್ಕು ಲೋಟ ತೆಗೆದು ಒರೆಸಿ ಸಾಲಾಗಿ ಇಟ್ಟೆ. ಅವರು ಹುಬ್ಬು ಗಂಟಿಕ್ಕಿ ಇನ್ನೂ ಜೋರಾಗಿ "ನಕೋ, ನಕೋ!" ಎಂದರು. ಓಹೋ, ನಾಕು ಮತ್ತು ನಾಕು ಎಂದುಕೊಂಡು ಎಂಟು ಮಾಡಿದೆ. ಅವರು ಹಣೆಗೆ ಕೈ ಹಚ್ಚಿ, "ಅಹೋ ಬಾಯಿ, ನಕೋ ಮ್ಹಣತೇ ನಾ!" ಎಂದು ಕೂಗಿದರು. ಹನ್ನೆರಡು ಲೋಟ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನಗುಮುಖದಿಂದ ಮುಂದೆ ತಳ್ಳಿದೆ. ಮೊದಲ ವಾರದಲ್ಲೇ ಇಷ್ಟು ವ್ಯಾಪಾರ ಮಾಡಿದೆನಲ್ಲ ಎಂಬ ಹೆಮ್ಮೆ ಬೇರೆ.

ನಕೋ ಎಂದರೆ ಮರಾಠಿಯಲ್ಲಿ ಬೇಡ ಎಂದರ್ಥ.

ಆಕೆಯ ಮುಖ ಕೆಂಡಾಮಂಡಲವಾಗಿತ್ತು. ಶೇಠ್‌ಜಿ ದುಡ್ಡಿನ ಗಲ್ಲೆಯಿಂದ ಎದ್ದು ಬಂದರು. ನನ್ನನ್ನು ಬೈಯುತ್ತಾರೆಂದು ಕಾದು ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಮಾಡಿನ ಫ್ಯಾನನ್ನು ನೋಡಿದರು. ಹಳೆಯ ಕಾಲದ ಭಾರೀ ಫ್ಯಾನು, ಕಟಕಟ ಎಂದು ಸುತ್ತುತ್ತಿತ್ತು. "ಮಾಫ್ ಕರಾ ಬಾಯಿ, ಈ ಫ್ಯಾನಿನ ಸದ್ದಿನಲ್ಲಿ ನಮಗೆ ಏನೂ ಕೇಳಿಸುವುದೇ ಇಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಆಕೆ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಕ್ಕುಬಿಟ್ಟರು. ಹೋಗುವಾಗ ಎರಡು ಲೋಟ ಕೊಂಡೇ ಹೋದರು.

ಆಕೆ ಹೋದ ಮೇಲೆ ಶೇಠ್‌ಜಿ ನನಗೆ ಹೇಳಿದ್ದು ಒಂದೇ ಮಾತು: "ವಿಶಾಲಾ ಬೆಹನ್, ಗಲ್ತೀ ಹೋ ಜಾಯೇ ತೋ ಪಂಖೇ ಪೇ ಡಾಲ್ ದೋ." ತಪ್ಪಾದರೆ ಫ್ಯಾನಿನ ಮೇಲೆ ಹಾಕು. ನಿನ್ನದಾದರೂ ಸರಿ, ಗಿರಾಕಿಯದಾದರೂ ಸರಿ. ಅದರ ಬೆನ್ನು ಅಗಲ, ಎಷ್ಟು ಬೇಕಾದರೂ ಹೊರುತ್ತದೆ.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಆ ಫ್ಯಾನು ಗಾಳಿಗಿಂತ ಹೆಚ್ಚು ಈ ಕೆಲಸಕ್ಕೆ ಬಂತು. ಐದು ಲೀಟರ್ ಕುಕ್ಕರ್ ಕೇಳಿ, ಕಟ್ಟಿಸಿಕೊಂಡು ಹೋಗಿ, ಮರುದಿನ "ನಾನು ಮೂರು ಲೀಟರ್ ಅಂದಿದ್ದೆ" ಎಂದು ಬಂದವರಿಗೆ "ಫ್ಯಾನಿನ ಸದ್ದು ನೋಡಿ, ಸರಿಯಾಗಿ ಕೇಳಿಸಲಿಲ್ಲ" ಎನ್ನುತ್ತಿದ್ದೆ. ಅರ್ಧ ಜನ ಅಲ್ಲಿಗೇ ತಣ್ಣಗಾಗಿ, "ನಾನೂ ಮೆಲ್ಲಗೆ ಹೇಳಿದೆನೇನೋ" ಎನ್ನುತ್ತಿದ್ದರು. ತಪ್ಪನ್ನು ನಾವು ಅವರ ತಲೆಗೆ ಕಟ್ಟದಿದ್ದರೆ ಅವರೇ ಮುಂದೆ ಬಂದು ತುಸು ಹೊತ್ತುಕೊಳ್ಳುತ್ತಾರೆ. ಇದು ನನಗೆ ಈಗಲೂ ಸೋಜಿಗ.

ಗಿರಾಕಿ ದೇವರು ಎಂದು ಬೋರ್ಡ್ ಬರೆದುಕೊಂಡ ಅಂಗಡಿಗಳ ಬಗ್ಗೆ ಶೇಠ್‌ಜಿ ನಗುತ್ತಿದ್ದರು. "ದೇವರು ಚೌಕಾಸಿ ಮಾಡ್ತಾನಾ? ಗಿರಾಕಿ ಅಂದರೆ ಬೀಗರು" ಎನ್ನುತ್ತಿದ್ದರು. ಬೀಗರು ತಪ್ಪು ಮಾತಾಡುತ್ತಾರೆ, ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಪಂಕ್ತಿಯಲ್ಲಿ ಕೂತವರ ಮುಂದೆ ಯಾರಾದರೂ ಹೇಳುತ್ತಾರೆಯೇ?

ನಾನು ಹೇಳಿದೆ ಒಮ್ಮೆ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ನಾನು ಹುಟ್ಟುತ್ತಲೇ ಜಾಣೆ ಎಂದು ಪ್ರಿಯಾ ತಿಳಿದಾಳು.

ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಮರಾಠಿ ಬಾಯಿಗೆ ಹತ್ತಿತ್ತು, ಜೊತೆಗೆ ಜಂಭವೂ. ಇಸ್ತ್ರಿ ಮಾಡಿದ ಬಿಳಿ ಶರಟಿನ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಹಿಂದಿನ ವಾರ ಕೊಂಡ ಡಬ್ಬಿಯ ಮುಚ್ಚಳ ಕೂರುತ್ತಿಲ್ಲ, ನೀವು ಮೋಸ ಮಾಡಿದ್ದೀರಿ ಎಂದು ಎತ್ತರದ ದನಿಯಲ್ಲಿ ಆರಂಭಿಸಿದರು. ನೋಡಿದರೆ ಡಬ್ಬಿ ನಮ್ಮದು, ಮುಚ್ಚಳ ಬೇರೆ ಯಾವುದೋ ಪಾತ್ರೆಯದು. ಮೋಸ ಎಂಬ ಮಾತು ನನಗೆ ಚುಚ್ಚಿತು. ಒಳಗಿನಿಂದ ಅದೇ ಅಳತೆಯ ಡಬ್ಬಿ ತಂದು, ಅದರ ಮುಚ್ಚಳವನ್ನು ಅವರ ಡಬ್ಬಿಗೆ ಟಕ್ಕೆಂದು ಕೂರಿಸಿ, ಅವರ ಮುಚ್ಚಳವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಇದು ನಿಮ್ಮ ಮನೆಯ ಹಾಲಿನ ಪಾತ್ರೆಯದು, ಅಲ್ವಾ?" ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಏನೂ ತಿಳಿಯದ ಆ ಮೊಮ್ಮಗಳೂ ಎಲ್ಲರನ್ನೂ ನೋಡಿ ನಕ್ಕಳು. ಅಜ್ಜ ಮಗುವಿನ ಮುಖ ನೋಡಿದರು. ಡಬ್ಬಿಯನ್ನೂ ಮುಚ್ಚಳವನ್ನೂ ಅಲ್ಲೇ ಬಿಟ್ಟು, ಮಗುವಿನ ಕೈ ಹಿಡಿದು ಮೆಟ್ಟಿಲಿಳಿದು ಹೋದರು.

ಅವರ ಮನೆಯವರು ಯಾರೂ ಮತ್ತೆ ಬರಲಿಲ್ಲ. ಆ ಡಬ್ಬಿ ಎರಡು ವರ್ಷ ಹಲಗೆಯ ಮೇಲೆ ಇತ್ತು. ಶೇಠ್‌ಜಿ ಅದನ್ನು ತೆಗೆಯಲು ಬಿಡಲಿಲ್ಲ, ನನಗೆ ಒಂದು ಮಾತೂ ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದುದು ಆ ಡಬ್ಬಿ ನೋಡಿದಾಗಲೆಲ್ಲ ನೆನಪಾಗುತ್ತಿತ್ತು. ಸರಿಯಾಗಿದ್ದೂ ಅಷ್ಟು ನಾಚಿಕೆಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಈಗ ಪಾಂಡು ಕಾಕಾ ವಿಷಯ. ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸುವ ಪದ್ಧತಿ ಎಲ್ಲರಿಗೂ ಗೊತ್ತೇ ಇದೆ. ಮದುವೆಗೆ ಕೊಡುವ ಕೊಡದ ಮೇಲೆ ಮಾವನ ಹೆಸರು, ಸಾಲುಮನೆಗಳ ಚಾಳಿನಲ್ಲಿ ಅದಲುಬದಲಾಗದಿರಲಿ ಎಂದು ಲೋಟದ ಮೇಲೆ ಮನೆಯೊಡತಿಯ ಹೆಸರು, ತೀರಿಕೊಂಡವರ ನೆನಪಿಗೆ ಹಂಚುವ ಪಾತ್ರೆಗಳ ಮೇಲೆ ಅವರ ಹೆಸರು. ನಮ್ಮ ಅಂಗಡಿಯ ಮೂಲೆಯಲ್ಲಿ ಕೂತು, ಗುಯ್ ಎನ್ನುವ ಪುಟ್ಟ ಮಷೀನು ಹಿಡಿದು, ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಯುತ್ತಿದ್ದವರು ಪಾಂಡು ಕಾಕಾ. ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಮೊದಲಿನಿಂದ ಅಲ್ಲಿದ್ದವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕುರ್ಲಾದ ಅರ್ಧ ಊರಿನ ಅಡುಗೆಮನೆಗಳಲ್ಲಿ ಅವರ ಅಕ್ಷರವಿದೆ.

ಕೊರೆದ ಹೆಸರನ್ನು ಅಳಿಸಲಾಗದು. ಹಾಗಾಗಿ ಗಿರಾಕಿ ತಾನೇ ಚೀಟಿಯಲ್ಲಿ ಹೆಸರು ಬರೆದು, ಗಟ್ಟಿಯಾಗಿ ಓದಿ ಹೇಳಬೇಕೆಂಬುದು ಶೇಠ್‌ಜಿಯ ನಿಯಮ. ಆದರೆ ಅದರಲ್ಲೂ ಒಂದು ತೂತಿತ್ತು, ಅದನ್ನು ಕಂಡುಹಿಡಿದವಳು ನಾನು. ಜನ ಚೀಟಿಯಲ್ಲಿ ಇರುವುದನ್ನು ಓದುವುದಿಲ್ಲ, ತಲೆಯಲ್ಲಿ ಇರುವುದನ್ನು ಓದುತ್ತಾರೆ. ಮಗಳ ಮದುವೆಗೆ ಹಂಡೆ ಕೊಂಡ ತಂದೆಯೊಬ್ಬರು ಗಡಿಬಿಡಿಯಲ್ಲಿ ಅಳಿಯನ ಹೆಸರಿನ ಜಾಗದಲ್ಲಿ ತಮ್ಮದೇ ಹೆಸರು ಬರೆದಿದ್ದರು. ಓದಿ ಎಂದರೆ ಅಳಿಯನ ಹೆಸರನ್ನೇ ಗಟ್ಟಿಯಾಗಿ ಓದಿದರು! "ಫ್ಯಾನಿನ ಸದ್ದು ಬಹಳ, ಸ್ವಲ್ಪ ಬೆರಳಿಟ್ಟು ಒಂದೊಂದೇ ಅಕ್ಷರ ಹೇಳಿ" ಎಂದೆ. ಬೆರಳಿಟ್ಟರು, ನಿಂತರು, ಇಂಗು ತಿಂದ ಮಂಗನಂತೆ ನನ್ನ ಮುಖ ನೋಡಿದರು. ನಾನು ಆ ಹೊತ್ತಿಗೆ ಬೇರೆ ಕಡೆ ತಿರುಗಿ ಲೋಟ ಒರೆಸುತ್ತಿದ್ದೆ. ಅಷ್ಟರಲ್ಲಿ ಅವರು ಚೀಟಿ ತಿದ್ದಿ ಕಾಕಾ ಕೈಗೆ ಕೊಟ್ಟಾಗಿತ್ತು. ಬೇರೆ ಕಡೆ ತಿರುಗುವುದೂ ಈ ಕೆಲಸದ ಒಂದು ಭಾಗ, ಪ್ರಿಯಾ. ನೆನಪಿಟ್ಟುಕೋ.

ಶೇಠ್‌ಜಿ ತೀರಿಕೊಂಡ ಮೇಲೆ ಮಗ ಜಿಗರ್ ಭಾಯ್ ಅಂಗಡಿ ನೋಡಿಕೊಳ್ಳತೊಡಗಿದರು. ಒಳ್ಳೆಯ ಮನುಷ್ಯ, ಆದರೆ ಅವಸರ. ಹಳೆಯ ಫ್ಯಾನು ಹೋಗಿ ಎ.ಸಿ. ಬಂತು. ಗಲ್ಲೆಯ ಹಿಂದೆ "ಗ್ರಾಹಕ್ ಭಗವಾನ್ ಹೈ" ಎಂಬ ಬೋರ್ಡ್ ಬಂತು. ಹೆಸರು ಕೊರೆಯಲು ಕಂಪ್ಯೂಟರಿನ ಮಷೀನು ತರುತ್ತೇನೆ, ಪಾಂಡು ಕಾಕಾಗೆ ವಯಸ್ಸಾಯಿತು ಎಂದು ತಿಂಗಳಿಗೊಮ್ಮೆ ಹೇಳುತ್ತಿದ್ದರು. ಕಾಕಾ ಕೇಳಿಸಿಕೊಂಡೂ ಕೇಳಿಸದವರಂತೆ ಇರುತ್ತಿದ್ದರು. ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಅವರಿಗೆ ಇದ್ದದ್ದು ಆ ಮೂಲೆ, ಆ ಮಷೀನು. ಚೀಟಿಯ ನಿಯಮವೂ ಸಡಿಲವಾಯಿತು. ಜನ ಮನೆಯಿಂದಲೇ ಫೋನಿನಲ್ಲಿ ಹೆಸರು ಬರೆದು ಕಳಿಸತೊಡಗಿದರು.

ಹಾಗಿರುವಾಗ ಒಂದು ಮಧ್ಯಾಹ್ನ ರಿಕ್ಷಾದಿಂದ ಎರಡು ಗೋಣಿಚೀಲ ಇಳಿಸಿಕೊಂಡು ಮೂವರು ಒಳಗೆ ಬಂದರು. ಮುಂದೆ ಐವತ್ತೈದು ದಾಟಿದ ಗಂಡಸು, ಕಟ್ಟಡದ ಕೆಲಸದ ಮೇಸ್ತ್ರಿ, ವಿಜಯಪುರ ಕಡೆಯ ಮಲ್ಲಪ್ಪ. ಹಿಂದೆ ಸೆರಗು ತಲೆ ಮೇಲೆ ಹೊದ್ದ ಹೆಂಡತಿ ಕಾಶವ್ವ. ಅವರ ಹಿಂದೆ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಮಗ ಬಸವರಾಜ. ಮಲ್ಲಪ್ಪ ಚೀಲದಿಂದ ತಾಟೊಂದನ್ನು ತೆಗೆದು ಕೌಂಟರಿನ ಮೇಲೆ ಎಸೆದರು. ಅದು ಗಿರಗಿರ ತಿರುಗಿ ನಿಂತಿತು. ಹಿಂದಿಯಲ್ಲಿ ಕೂಗಾಡಲು ಹೊರಟರು, ಮಾತು ಸಿಕ್ಕದೆ ತಡವರಿಸಿದರು.

"ಅಣ್ಣಾ, ಕನ್ನಡದಲ್ಲೇ ಹೇಳಿ" ಎಂದೆ.

ಕನ್ನಡ ಕೇಳಿ ನನ್ನ ಕಡೆ ತಿರುಗಿದರು. ಆಮೇಲೆ ಕಟ್ಟೆ ಒಡೆಯಿತು. "ಕನ್ನಡದಾಗ ಕೇಳ್ರಿ ಹಂಗಾರ! ಇಲ್ಲಿ ನಿಂತಾಳಲ್ಲ, ಈಕಿ ನನ್ನ ಹೇಣ್ತಿ. ಜೀವಂತ ಅದಾಳ! ಐವತ್ತೊಂದು ತಾಟಿನ ಮ್ಯಾಲ ಈಕೀನ ಸಾಯಿಸಿ ಇಟ್ಟೀರಲ್ರೀ ನೀವು!"

ತಾಟನ್ನು ತಿರುಗಿಸಿ ನೋಡಿದೆ. ಅಂಚಿನ ಮೇಲೆ ಕಾಕಾನ ದುಂಡು ಅಕ್ಷರದಲ್ಲಿ ಮರಾಠಿಯಲ್ಲಿ ಬರೆದಿತ್ತು: "ಆಯಿಚ್ಯಾ ಸ್ಮರಣಾರ್ಥ. ಬಸವರಾಜ." ಅಂದರೆ, ತಾಯಿಯ ನೆನಪಿಗಾಗಿ, ಮಗ ಬಸವರಾಜ.

ಆದದ್ದು ಇಷ್ಟು. ಮಲ್ಲಪ್ಪನವರ ತಾಯಿ ತೀರಿಕೊಂಡು ವರ್ಷವಾಗುತ್ತಿತ್ತು. ನಾಡಿದ್ದು ವರ್ಷದ ಕಾರ್ಯ, ಚಾಳಿನ ಮನೆಮನೆಗೆ ಒಂದೊಂದು ತಾಟು ಹಂಚಬೇಕು. ಹಿಂದಿನ ದಿನ ತಾಟುಗಳು ಮನೆಗೆ ಬಂದಿದ್ದವು. ಪಕ್ಕದ ಮನೆಯ ಮರಾಠಿ ಮುದುಕಿ ಬಾಗಿಲಲ್ಲಿ ಇಟ್ಟಿದ್ದ ತಾಟನ್ನು ಓದಿ, ಬಸವರಾಜನನ್ನು ತಬ್ಬಿಕೊಂಡು, "ತುಝೀ ಆಯಿ ಗೇಲೀ ಕಾ ರೇ!", ನಿನ್ನಮ್ಮ ಹೋಗಿಬಿಟ್ಟಳೇನೋ, ಎಂದು ಗೋಳೋ ಎಂದು ಅತ್ತಿದ್ದಾರೆ. ಸದ್ದು ಕೇಳಿ ಒಳಗಿನಿಂದ ಚಹಾದ ಲೋಟ ಹಿಡಿದು ಬಂದವರು ಕಾಶವ್ವ. ಮುದುಕಿ ಚೀರಿದ ಚೀರಿಗೆ ಚಾಳಿಗೆ ಚಾಳೇ ಸೇರಿತಂತೆ. ಬೆಳಿಗ್ಗೆ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕಾಶವ್ವನ ಕೈ ಮುಟ್ಟಿ ಮುಟ್ಟಿ ನೋಡಿದರಂತೆ.

ನನಗೆ ನಗು ಗಂಟಲಿಗೆ ಬಂತು, ನುಂಗಿದೆ. ಮಲ್ಲಪ್ಪನವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಬದುಕಿರುವ ಹೆಂಡತಿಗೆ ಅಪಶಕುನ, ಸತ್ತ ತಾಯಿಗೆ ಅವಮಾನ, ನಾಡಿದ್ದು ಕಾರ್ಯ. ಅವರ ಬೆರಳು ಮೂಲೆಯ ಕಡೆ ತಿರುಗಿತು. "ಆ ಮುದುಕಗ ಕಣ್ಣ ಕಾಣ್ತಾವೋ ಇಲ್ಲೋ? ನಾವು ಹೇಳಿದ್ದ ಒಂದು, ಅಂವ ಕೊರದದ್ದ ಒಂದು!"

ಜಿಗರ್ ಭಾಯ್ ಓಡಿ ಬಂದರು. ಬೋರ್ಡಿನ ಕೆಳಗೇ ನಿಂತು ಕೈಮುಗಿದರು. "ಸರ್, ಗಲ್ತೀ ಹಮಾರೀ ಹೈ. ಸಬ್ ನಯಾ ದೇಂಗೇ." ತಪ್ಪು ನಮ್ಮದು, ಎಲ್ಲ ಹೊಸದು ಕೊಡುತ್ತೇವೆ. ಆಮೇಲೆ ಮೂಲೆಗೆ ತಿರುಗಿ, ದನಿ ತಗ್ಗಿಸಿ, "ಕಾಕಾ, ಬಸ್. ಕಲ್ ಸೇ ಆಪ್ ಘರ್ ಪೇ ಆರಾಮ್ ಕರೋ" ಎಂದರು. ಅಂದರೆ, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ.

ಪಾಂಡು ಕಾಕಾ ಕನ್ನಡಕ ತೆಗೆದರು. ಪಂಚೆಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

ನಾನು ಅಂಗಡಿಯ ಫೋನ್ ತೆರೆದು ನೋಡಿದೆ. ಸಂದೇಶ ಅಲ್ಲೇ ಇತ್ತು. "ಆಯಿಚ್ಯಾ ಸ್ಮರಣಾರ್ಥ. ಬಸವರಾಜ." ಕಳಿಸಿದವನು ಬಸವರಾಜನೇ. ಕಾಕಾ ಒಂದು ಚುಕ್ಕೆಯನ್ನೂ ತಪ್ಪಿರಲಿಲ್ಲ. ತಲೆ ಎತ್ತಿದರೆ ಆ ಹುಡುಗ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದ, ಮುಖ ಬಿಳಿಚಿಕೊಂಡಿತ್ತು. ಅವನಿಗೆ ಅರ್ಥವಾಗಿತ್ತು. ಅವರಪ್ಪನಿಗೆ ಆಗಿರಲಿಲ್ಲ.

ಸತ್ಯ ಹೇಳುತ್ತೇನೆ, ನನ್ನ ರಕ್ತ ಕುದಿಯಿತು. ಆ ಫೋನನ್ನು ಮಲ್ಲಪ್ಪನವರ ಮುಖಕ್ಕೆ ಹಿಡಿದು ಓದಿ ಹೇಳಿದರೆ ಕಾಕಾ ಒಂದೇ ನಿಮಿಷದಲ್ಲಿ ಗೆಲ್ಲುತ್ತಿದ್ದರು. ಅಂಗಡಿ ತುಂಬ ಜನ ನಿಂತಿದ್ದರು. ಹಿಡಿಯಲು ಕೈಯೂ ಎತ್ತಿದೆ. ಆಗ ಯಾಕೋ ಆ ಮುಚ್ಚಳದ ಅಜ್ಜ, ಅವರ ಮೊಮ್ಮಗಳ ನಗು ಕಣ್ಣ ಮುಂದೆ ಬಂತು. ತಂದೆ ತಾಯಿಯ ಎದುರು, ಇಷ್ಟು ಜನರ ಎದುರು, ಸ್ವಂತ ತಾಯಿಯನ್ನು ಐವತ್ತೊಂದು ಸಲ ಸಾಯಿಸಿದವನು ನೀನೇ ಎಂದು ಈ ಹುಡುಗನಿಗೆ ಹೇಳಲೇ? ಹೇಳದಿದ್ದರೆ ಕಾಕಾ ಗತಿಯೇನು? ತಪ್ಪನ್ನು ಹಾಕೋಣವೆಂದು ಮೇಲೆ ನೋಡಿದೆ. ಫ್ಯಾನೇ ಇಲ್ಲ!

ಫೋನನ್ನು ಬೋರಲು ಮಾಡಿ ಇಟ್ಟೆ.

"ಅಣ್ಣಾ, ನಿಮ್ಮ ತಾಯೀನ ಮನೇಲಿ ನಿಮ್ಮ ಮಗ ಏನಂತ ಕರೀತಿದ್ದ?"

"ಆಯಿ ಅಂತಿದ್ದ. ಮತ್ತೇನಂತಾರ ನಮ್ಮ ಕಡಿ ಅಜ್ಜಿಗೆ?"

"ಮರಾಠಿಯವರು ಯಾರಿಗೆ ಆಯಿ ಅಂತಾರೆ?"

ಮಲ್ಲಪ್ಪನವರು ಮತ್ತೊಮ್ಮೆ ತಾಟನ್ನು ನೋಡಿದರು. "ಹಡದವ್ವಗ..." ಎಂದರು ನಿಧಾನವಾಗಿ.

"ನೋಡಿ ಮತ್ತೆ. ನಿಮ್ಮ ಮಗ ಸರಿಯಾಗೇ ಬರೆಸಿದಾನೆ, ಅವನ ಆಯಿ ಅವನಿಗೆ ಆಯೀನೇ. ಕಾಕಾನೂ ಸರಿಯಾಗೇ ಕೊರೆದಿದಾರೆ. ಈ ಆಯಿ ಅನ್ನೋ ಮಾತು ವಿಜಯಪುರದಲ್ಲಿ ರೈಲು ಹತ್ತುವಾಗ ಅಜ್ಜಿ ಆಗಿತ್ತು. ಸೊಲ್ಲಾಪುರ ದಾಟುತ್ಲೂ ಅಮ್ಮ ಆಗ್ಬಿಡ್ತು. ಇಳಿಸಿಕೊಂಡು ವಿಚಾರಿಸಬೇಕಾದವಳು ಕನ್ನಡದವಳು ನಾನು. ನಾನು ವಿಚಾರಿಸ್ಲಿಲ್ಲ. ತಪ್ಪಿದ್ರೆ ಅದು ನನ್ನದು."

ಮೊದಲು ಕೇಳಿಸಿದ್ದು ಸೆರಗಿನ ಒಳಗಿನ ನಗು. ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುಲು ನಗುತ್ತಿದ್ದರು. ಕನ್ನಡ ತಿಳಿಯದ ಜಿಗರ್ ಭಾಯಿಗೆ ಬಸವರಾಜ ಹಿಂದಿಯಲ್ಲಿ ವಿವರಿಸಿದ. ಅಂಗಡಿಯಲ್ಲಿದ್ದವರೂ ನಕ್ಕರು. ಈ ನಗು ಯಾರಿಗೂ ಚುಚ್ಚುವ ನಗೆಯಾಗಿರಲಿಲ್ಲ.

"ಅದೆಲ್ಲಾ ಖರೇ ಬಿಡ್ರಿ" ಎಂದರು ಮಲ್ಲಪ್ಪ, ದನಿ ಇಳಿದಿತ್ತು. "ನಾಡದು ಕಾರ್ಯ ಐತಿ. ಈ ತಾಟ ಹೆಂಗ ಹಂಚೂದು?"

ಅದೂ ನಿಜವೇ. ಹೊಸ ತಾಟು ಕೊಡೋಣವೆಂದರೆ ಆ ಅಳತೆಯವು ಅಷ್ಟು ಇರಲಿಲ್ಲ. ತಾಟನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ. ಅಕ್ಷರಗಳು ಅಂಚಿನ ಮೇಲೆ ಸಾಗಿ ಕಾಲು ಭಾಗದಲ್ಲಿ ಮುಗಿದಿದ್ದವು. ಉಳಿದದ್ದು ಖಾಲಿ. ಕಾಕಾ ಬಳಿ ಹೋಗಿ, "ಆಯಿ ಅನ್ನೋದರ ಮುಂಚೆ ಇನ್ನೊಂದು ಹೆಸರಿಗೆ ಜಾಗ ಇದೆಯಾ ಕಾಕಾ?" ಎಂದು ಮರಾಠಿಯಲ್ಲಿ ಕೇಳಿದೆ. ಅವರು ಕನ್ನಡಕ ಹಾಕಿಕೊಂಡರು. ತಾಟನ್ನು ಒಂದು ಸುತ್ತು ತಿರುಗಿಸಿದರು. "ಗೋಲ್ ಆಹೇ. ಜಾಗಾಚ್ ಜಾಗಾ" ಎಂದರು. ದುಂಡಗಿದೆ, ಜಾಗವೇ ಜಾಗ.

"ನಿಮ್ಮ ಆಯಿ ಹೆಸರೇನಪ್ಪಾ?" ಎಂದು ಬಸವರಾಜನನ್ನು ಕೇಳಿದೆ.

ಅವನು ತಂದೆಯ ಮುಖ ನೋಡಿದ. ಇಪ್ಪತ್ತೈದು ವರ್ಷ ಆಕೆಯ ಕೈಯ ರೊಟ್ಟಿ ತಿಂದವನು, ಆಯಿಗೆ ಇನ್ನೊಂದು ಹೆಸರಿದೆ ಎಂದೇ ಯೋಚಿಸಿರಲಿಲ್ಲ. ಮಲ್ಲಪ್ಪ ಮುಖ ಅತ್ತ ತಿರುಗಿಸಿ ಕಣ್ಣೊರೆಸಿಕೊಂಡರು. ಆಗ ಕಾಶವ್ವ ಸೆರಗು ಸರಿಸಿ ಮುಂದೆ ಬಂದರು. ಅಷ್ಟು ಹೊತ್ತಿಗೆ ಅವರಾಡಿದ ಮೊದಲ ಮಾತು ಅದು.

"ತಂಗೆವ್ವ. ನಮ್ಮ ಅತ್ತಿ ಹೆಸರ ತಂಗೆವ್ವ ಐತ್ರಿ. ಬರೀರಿ."

ಬಸವರಾಜ ಚೀಟಿಯಲ್ಲಿ ಮರಾಠಿ ಅಕ್ಷರದಲ್ಲಿ ಬರೆದ. ಬೆರಳಿಟ್ಟು ಓದಿಸಿದೆ: ತಂ, ಗೆ, ವ್ವಾ. ಮಷೀನು ಗುಯ್ ಎಂದಿತು. ಕಾಕಾ ಮೊದಲ ತಾಟನ್ನು ಒರೆಸಿ ಮಲ್ಲಪ್ಪನವರ ಕೈಗೆ ಕೊಟ್ಟರು. ಈಗ ಅದರ ಮೇಲೆ "ತಂಗೆವ್ವಾ ಆಯಿಚ್ಯಾ ಸ್ಮರಣಾರ್ಥ" ಎಂದಿತ್ತು. ಯಾವ ಭಾಷೆಯವರು ಓದಿದರೂ ಕಾಶವ್ವ ಇನ್ನು ಸಾಯುವ ಹಾಗಿರಲಿಲ್ಲ. ಓದಲು ಬಾರದ ಮಲ್ಲಪ್ಪ ಆ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿದರು. ಹೊರಗೆ ಹೋಗಿ ತಾವೇ ಚಹಾ ತಂದು ಕಾಕಾ ಮುಂದೆ ಇಟ್ಟರು. "ಕಾಕಾ, ತಪ್ಪ ತಿಳೀಬ್ಯಾಡ್ರಿ" ಎಂದು ಕನ್ನಡದಲ್ಲೇ ಹೇಳಿದರು. ಕಾಕಾಗೆ ಕನ್ನಡ ಬಾರದು, ಆದರೆ ಚಹಾ ತಿಳಿಯಿತು.

ಸಂಜೆಯೊಳಗೆ ಐವತ್ತೊಂದೂ ಮುಗಿದವು. ಹೋಗುವಾಗ ಬಸವರಾಜ ಹಿಂದುಳಿದು ಮೆಲ್ಲಗೆ, "ಅಕ್ಕಾರ, ಆ ಮೆಸೇಜ್..." ಎಂದ.

"ಯಾವ ಮೆಸೇಜು?" ಎಂದು ಲೋಟ ಒರೆಸುವ ಬಟ್ಟೆ ಎತ್ತಿಕೊಂಡೆ.

ಅವರೆಲ್ಲ ಹೋದ ಮೇಲೆ ಜಿಗರ್ ಭಾಯಿಗೆ ಫೋನ್ ತೋರಿಸಿದೆ. ಎರಡು ಸಲ ಓದಿದರು. "ಆಪ್ನೇ ಉಸೀ ವಕ್ತ್ ದಿಖಾಯಾ ಕ್ಯೋಂ ನಹೀ?" ಎಂದರು, ಆಗಲೇ ಯಾಕೆ ತೋರಿಸಲಿಲ್ಲ ಅಂತ. "ತೋರಿಸಿದ್ದರೆ ಹುಡುಗ ಸೋಲುತ್ತಿದ್ದ. ತೋರಿಸದೆಯೂ ಕಾಕಾ ಗೆದ್ದರಲ್ಲ?" ಎಂದೆ ಹಿಂದಿಯಲ್ಲಿ. ಅವರು ಎದ್ದು ಮೂಲೆಗೆ ಹೋಗಿ, "ಕಾಕಾ, ಕಲ್ ಟೈಮ್ ಪೇ ಆನಾ" ಎಂದರು, ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ ಅಂತ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದು ಕುರ್ಲಾದಿಂದ ವಿಕ್ರೋಳಿಯವರೆಗೆ ಲೋಕಲ್‌ನಲ್ಲಿ ನಿಂತೇ ಬಂದೆ, ಕಾಲು ನೋವೇ ಗೊತ್ತಾಗಲಿಲ್ಲ. ರಾಜ್ಯ ಗೆದ್ದವರಿಗೂ ಅಷ್ಟು ಸಂತೋಷ ಇರಲಾರದು.

ಒಂದೆರಡು ವಾರದಲ್ಲಿ ಆ ಬೋರ್ಡ್ ಕಾಣೆಯಾಯಿತು. ಮುಂದೆ ಕಂಪ್ಯೂಟರ್ ಮಷೀನೂ ಬಂತು, ಕಂಪನಿಗಳ ದೊಡ್ಡ ಆರ್ಡರಿಗೆ. ಮನೆಯವರ ಹೆಸರುಗಳು ಮಾತ್ರ ಕಾಕಾನ ಮೂಲೆಗೇ ಹೋಗುತ್ತಿದ್ದವು. ಫೋನಿನಲ್ಲಿ ಹೆಸರು ಕಳಿಸಿದವರಿಗೂ ನಾನು ತಿರುಗಿ ಫೋನ್ ಮಾಡಿ ಎರಡು ಪ್ರಶ್ನೆ ಕೇಳುವುದು ನಿಯಮವಾಯಿತು: ಒಂದೊಂದೇ ಅಕ್ಷರ ಹೇಳಿ, ಅವರು ನಿಮಗೆ ಏನಾಗಬೇಕು ಹೇಳಿ.

ಕೆಲವು ತಿಂಗಳ ಮೇಲೆ ಕಾಶವ್ವ ಒಬ್ಬರೇ ಬಂದರು. ಒಳ್ಳೆಯ ದಪ್ಪ ತಾಟೊಂದನ್ನು ಆರಿಸಿದರು. "ಅಕ್ಕಾರ, ಇದರ ಮ್ಯಾಲ ನನ್ನ ಹೆಸರ ಹಾಕಸ್ರಿ. ಬರೇ ಹೆಸರ. ಸ್ಮರಣಾರ್ಥ ಗಿಮರಣಾರ್ಥ ಬ್ಯಾಡ. ನಾ ಇದ್ದಾಗನ ಉಣ್ಣಾಕ ಬೇಕು" ಎಂದರು. ಕಾಕಾ ಹೆಸರಿನ ಎರಡೂ ಬದಿಗೆ ಪುಟ್ಟ ಹೂವು ಕೊರೆದು ಕೊಟ್ಟರು.

ನನ್ನ ಕೊನೆಯ ದಿನ ಜಿಗರ್ ಭಾಯ್ ಹಿತ್ತಾಳೆಯ ದೊಡ್ಡ ತಾಟೊಂದನ್ನು ಕಾಣಿಕೆಯಾಗಿ ಕೊಟ್ಟರು. "ಇಸ್ ಪೇ ಆಪ್ ಕಾ ನಾಮ್" ಎಂದು ಚೀಟಿ ಮುಂದೆ ಸರಿಸಿದರು. ಸಾವಿರಾರು ಜನರಿಂದ ಹೆಸರು ಬರೆಸಿದ ಚೀಟಿ. ಕೌಂಟರಿನ ಆಚೆ ನಿಂತು ನಾನು ಬರೆಯುವುದು ಅದೇ ಮೊದಲು. ಕಣ್ಣು ತೇವವಾಗಿತ್ತು. ಮರಾಠಿ ಅಕ್ಷರದಲ್ಲಿ ಬರೆದು, ನಿಯಮದಂತೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ: "ವಿಶಾಲಾಕ್ಷಿ!" ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಂಡು ಕಾಕಾ ಚೀಟಿ ನೋಡಿದರು. ಮಷೀನು ಎತ್ತಿಕೊಳ್ಳಲಿಲ್ಲ.

"ಬಾಯಿ," ಎಂದರು, "ಪಂಖ್ಯಾಚಾ ಆವಾಜ್ ಫಾರ್ ಆಹೇ. ಬೋಟ್ ಠೇವೂನ್ ವಾಚತಾ ಕಾ?"

ಫ್ಯಾನಿನ ಸದ್ದು ಬಹಳವಂತೆ, ಬೆರಳಿಟ್ಟು ಓದಬೇಕಂತೆ. ತಲೆ ಎತ್ತಿ ನೋಡಿದೆ. ಬಿಳಿಯ ಮಾಡು, ಸದ್ದಿಲ್ಲದ ಎ.ಸಿ. ತಲೆ ತಗ್ಗಿಸಿ ಚೀಟಿಯ ಮೇಲೆ ಬೆರಳಿಟ್ಟೆ. ವಿ. ಶಾ. ಕ್ಷಿ.

'ಲಾ' ಬಿಟ್ಟುಹೋಗಿತ್ತು. ಸ್ವಂತ ಹೆಸರು!

ನಾನು ಮುಖ ಎತ್ತುವ ಹೊತ್ತಿಗೆ ಕಾಕಾ ಬೇರೆ ಕಡೆ ತಿರುಗಿ, ಒರೆಸಿದ ತಾಟನ್ನೇ ಮತ್ತೆ ಒರೆಸುತ್ತಿದ್ದರು. ಬಿಟ್ಟ ಅಕ್ಷರ ಸೇರಿಸಿ ಚೀಟಿ ಕೊಟ್ಟೆ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅವಮಾನವಿಲ್ಲದೆ ತಪ್ಪು ತಿದ್ದಿಕೊಳ್ಳುವ ಸುಖ ಎಂಥದೆಂದು ಮೂವತ್ತೊಂದು ವರ್ಷ ಬೇರೆಯವರಿಗೆ ಕೊಟ್ಟವಳಿಗೆ ಅಂದು ಗೊತ್ತಾಯಿತು. ಈಗ ದಿನವೂ ಆ ತಾಟಿನಲ್ಲೇ ಹೂವು ಇಡುತ್ತೇನೆ.

"ನಮ್ಮ ಮಾಲ್‌ನಲ್ಲಿ ಫ್ಯಾನ್ ಇಲ್ಲ ಆಂಟಿ" ಎನ್ನುತ್ತೀ, ಗೊತ್ತು ಪ್ರಿಯಾ. ಅಂದು ನಮ್ಮ ಅಂಗಡಿಯಲ್ಲೂ ಇರಲಿಲ್ಲ.